ಮಣಿ ಆಮೇಲೆ, ಕಿವಿ ಮೊದಲು

ಮನೆಯಲ್ಲೇ ಮಣಿಯ ಲೋಲಾಕು ಮಾಡಬೇಕೆಂದು ಹೊರಟವರು ಮೊದಲು ಕೈ ಹಾಕುವುದು ಮಣಿಯ ಡಬ್ಬಿಗೆ. ಬಣ್ಣ ಆರಿಸುತ್ತಾರೆ, ಸೀರೆಗೆ ಒಪ್ಪುತ್ತದೆಯೇ ಎಂದು ಹಿಡಿದು ನೋಡುತ್ತಾರೆ, ತಂತಿ ಯಾವುದಾದರೂ ಆದೀತು ಅಂದುಕೊಳ್ಳುತ್ತಾರೆ. ವರ್ಷಗಳಿಂದ ಈ ಕೆಲಸ ಮಾಡುತ್ತ ಬಂದಿರುವ ನನಗೆ ಮನದಟ್ಟಾಗಿರುವ ಕ್ರಮ ಬೇರೆ. ಮೊದಲು ಕಿವಿ, ಆಮೇಲೆ ತಂತಿ, ಕೊನೆಗೆ ಮಣಿ. ಕತ್ತಿನ ಸರ ರವಿಕೆಯ ಮೇಲೆ ಕೂರುತ್ತದೆ, ಬಳೆ ಮಣಿಕಟ್ಟಿನಲ್ಲಿ ಆಡಿಕೊಂಡಿರುತ್ತದೆ. ಓಲೆ, ಮೂಗುತಿಗಳು ಹಾಗಲ್ಲ, ಅವು ಮೈಯನ್ನು ತೂರಿಹೋಗುವ ಒಡವೆಗಳು. ಬೆಳಗ್ಗೆ ಹಾಕಿದ ಲೋಲಾಕು ರಾತ್ರಿಯವರೆಗೂ ಒಂದು ಸಣ್ಣ ತೂತಿಗೆ ಜೋತುಬಿದ್ದಿರುತ್ತದೆ. ಬೆವರು, ತಲೆಗೆ ಹಚ್ಚಿದ ಎಣ್ಣೆ, ಬಾಚಣಿಗೆ, ಸೆರಗು, ಕಂಕುಳಲ್ಲಿರುವ ಮಗುವಿನ ಕೈ ಎಲ್ಲವನ್ನೂ ತಡೆದುಕೊಳ್ಳಬೇಕು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಕೂತರೆ ಯಾವ ತಂತಿ, ಎಷ್ಟು ಉದ್ದ, ಎಂಥ ಕುಣಿಕೆ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ತಾನಾಗಿಯೇ ಸಿಗುತ್ತದೆ.

ಕಿವಿ ಒಪ್ಪುವ ಲೋಹ

ನಮ್ಮ ಪಕ್ಕದ ಮನೆಯ ಹುಡುಗಿ ಕಾಲೇಜಿನ ಸಮಾರಂಭಕ್ಕೆಂದು ಜರ್ಮನ್ ಸಿಲ್ವರ್ ಜುಮುಕಿ ಕೊಂಡಿದ್ದಳು. ಮೂರನೆಯ ದಿನಕ್ಕೆ ಕಿವಿ ಕೆಂಪಾಗಿ ತುರಿಕೆ ಶುರುವಾಯಿತು, ಆಮೇಲೆ ನೀರು ಸೋರತೊಡಗಿತು. ಅವಳಮ್ಮ ನನ್ನ ಹತ್ತಿರ ಬಂದು, "ಬೆಳ್ಳಿ ಅಂತ ತಾನೇ ತಗೊಂಡಿದ್ದು, ಬೆಳ್ಳಿ ಆಗಿಬರಲ್ಲ ಅಂದ್ರೆ ಏನಕ್ಕಾ?" ಎಂದು ಕೇಳಿದರು. ಅವರನ್ನು ಕೂರಿಸಿಕೊಂಡು ವಿವರಿಸಿದೆ. ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿ ಇರುವುದೇ ಇಲ್ಲ. ಅದು ತಾಮ್ರ, ಸತು, ನಿಕ್ಕಲ್ ಬೆರೆಸಿದ ಲೋಹ. ಅರಿಶಿನ ಕುಂಕುಮದ ಬಟ್ಟಲಿಗೆ, ತಟ್ಟೆಗೆ ಅದು ಚೆನ್ನ. ಕಿವಿಗೆ ಹಾಕಿದಾಗ ಬೆವರಿನ ಉಪ್ಪು ಅದರಲ್ಲಿನ ನಿಕ್ಕಲನ್ನು ಸ್ವಲ್ಪ ಸ್ವಲ್ಪವೇ ಕರಗಿಸಿ ಚರ್ಮದೊಳಕ್ಕೆ ಇಳಿಸುತ್ತದೆ. ಚರ್ಮದ ವೈದ್ಯರೂ ಅವಳಿಗೆ ನಿಕ್ಕಲ್ ಅಲರ್ಜಿ ಎಂದೇ ಹೇಳಿದರು. ಒಮ್ಮೆ ಬಂದರೆ ಈ ಅಲರ್ಜಿ ಸಾಮಾನ್ಯವಾಗಿ ಜೀವಮಾನವಿಡೀ ಉಳಿಯುತ್ತದೆ. ಮುಂದೆ ಗಡಿಯಾರದ ಪಟ್ಟಿ, ಜೀನ್ಸ್ ಪ್ಯಾಂಟಿನ ಗುಂಡಿ ತಾಗಿದರೂ ತುರಿಕೆ ಏಳಬಹುದು.

ನಿಕ್ಕಲ್ ವಿಷಯದಲ್ಲಿ ಐರೋಪ್ಯ ಒಕ್ಕೂಟದ ದೇಶಗಳು 1994ರಲ್ಲೇ ನಿಯಮ ತಂದವು. ಚುಚ್ಚಿದ ತೂತಿನಲ್ಲಿ ಹಾಕುವ ಒಡವೆ ವಾರಕ್ಕೆ ಚದರ ಸೆಂಟಿಮೀಟರಿಗೆ 0.2 ಮೈಕ್ರೋಗ್ರಾಂಗಿಂತ ಹೆಚ್ಚು ನಿಕ್ಕಲ್ ಬಿಡಕೂಡದು ಎಂಬುದು ಈಗ ಅಲ್ಲಿರುವ ಮಿತಿ. ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಭಾಗ. ಇಷ್ಟು ಅಲ್ಪ ಪ್ರಮಾಣಕ್ಕೂ ಕೆಲವರ ಚರ್ಮ ಕೆರಳುತ್ತದೆ ಎಂದಮೇಲೆ, ಕೈಗೆ ಸಿಕ್ಕ ತಂತಿಯಲ್ಲಿ ಕೊಕ್ಕೆ ಮಾಡುವ ಮಾತೇ ಇಲ್ಲ.

ಹಾಗಾಗಿ ನಾನು ಲೋಲಾಕನ್ನು ಎರಡು ಭಾಗವಾಗಿ ನೋಡುತ್ತೇನೆ. ಚರ್ಮದೊಳಗೆ ಹಾಯುವ ಕೊಕ್ಕೆ ಒಂದು, ಕೆಳಗೆ ತೂಗುವ ಮಣಿಯ ಭಾಗ ಇನ್ನೊಂದು. ಕೆಳಗಿನ ಭಾಗಕ್ಕೆ ತಾಮ್ರ, ಹಿತ್ತಾಳೆ ಯಾವುದಾದರೂ ನಡೆಯುತ್ತದೆ. ಕೊಕ್ಕೆಗೆ ಮಾತ್ರ 925 ಬೆಳ್ಳಿಯನ್ನೇ ಬಳಸುತ್ತೇನೆ. ಅದರಲ್ಲಿ ಶೇ 92.5 ಬೆಳ್ಳಿ ಇರುತ್ತದೆ, ಉಳಿದದ್ದು ಸಾಮಾನ್ಯವಾಗಿ ತಾಮ್ರ. ಬೆಳ್ಳಿಯೂ ಒಗ್ಗದವರಿಗೆ ಟೈಟಾನಿಯಂ ಅಥವಾ ನಿಯೋಬಿಯಂ ಕೊಕ್ಕೆ ತರಿಸಬಹುದು. ಸರ್ಜಿಕಲ್ ಸ್ಟೀಲ್ ಬಹಳ ಜನರಿಗೆ ಆಗಿಬರುತ್ತದೆ. ಆದರೆ 316ಎಲ್ ಸ್ಟೀಲಿನಲ್ಲೂ ಶೇ 10ಕ್ಕೆ ಕಡಿಮೆಯಿಲ್ಲದಷ್ಟು ನಿಕ್ಕಲ್ ಇದೆ. ಅದು ಲೋಹದೊಳಗೆ ಬಿಗಿಯಾಗಿ ಬೆಸೆದುಕೊಂಡಿರುವುದರಿಂದ ಹೊರಗೆ ಬರುವುದು ತೀರಾ ಕಡಿಮೆ, ಅಷ್ಟೇ. ಈಗಾಗಲೇ ಅಲರ್ಜಿ ಇರುವವರಿಗೆ ಅದನ್ನೂ ನಾನು ಕೊಡುವುದಿಲ್ಲ.

ನಮ್ಮ ಹೆಂಗಸರಿಗೆ ಇದಕ್ಕಿಂತ ಸುಲಭದ ದಾರಿಯೊಂದಿದೆ. ಹೆಚ್ಚಿನವರ ಮನೆಯಲ್ಲಿ ಚಿಕ್ಕಂದಿನ ಚಿನ್ನದ ರಿಂಗು ಇದ್ದೇ ಇರುತ್ತದೆ. ಮಣಿಯ ಭಾಗದ ಮೇಲಿನ ಕುಣಿಕೆಯನ್ನು ತುಸು ದೊಡ್ಡದು ಮಾಡಿಬಿಟ್ಟರೆ ಅದನ್ನು ಆ ರಿಂಗಿಗೇ ತೂಗುಹಾಕಬಹುದು. ಚಿನ್ನ ಹೇಗೂ ಕಿವಿಗೆ ಒಗ್ಗಿರುತ್ತದೆ. ಇವತ್ತು ಕೆಂಪು ಮಣಿ, ನಾಳೆ ಹಸಿರು. ಪಕ್ಕದ ಮನೆಯ ಹುಡುಗಿ ಈಗ ಹಾಕಿಕೊಳ್ಳುವುದು ಹೀಗೆಯೇ.

ಹೊಸದಾಗಿ ಚುಚ್ಚಿಸಿದ ಕಿವಿಗಂತೂ ಮನೆಯಲ್ಲಿ ಮಾಡಿದ ಕೊಕ್ಕೆ ಬೇಡವೇ ಬೇಡ. ಹಾಲೆಯ ತೂತು ಮಾಗಲು ಆರರಿಂದ ಎಂಟು ವಾರ ಬೇಕು. ಅಲ್ಲಿಯವರೆಗೆ ಚುಚ್ಚಿದಾಗ ಹಾಕಿದ್ದೇ ಇರಲಿ.

ತಂತಿಯ ದಪ್ಪ

ತಂತಿಯನ್ನು ಗೇಜಿನಲ್ಲಿ ಅಳೆಯುತ್ತಾರೆ. ಗೇಜಿನ ಅಂಕಿ ಏರಿದಷ್ಟೂ ತಂತಿ ತೆಳು. ಇದು ಹೆಚ್ಚಿನವರಿಗೆ ಗೊತ್ತು. ಗೇಜಿನಲ್ಲಿ ಎರಡು ಲೆಕ್ಕ ಇದೆ ಎಂಬುದು ಅಷ್ಟಾಗಿ ಗೊತ್ತಿರುವುದಿಲ್ಲ. ಒಡವೆ ಸಾಮಾನು ಮಾರುವವರು ಬಹುಪಾಲು ಅಮೆರಿಕನ್ ಗೇಜು ಹೇಳುತ್ತಾರೆ. ಮೋಟರ್ ವೈಂಡಿಂಗ್ ಅಂಗಡಿಯವರು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ತಾಮ್ರದ ತಂತಿ ಮಾರುವವರು ಹೇಳುವುದು ಬ್ರಿಟಿಷರ ಕಾಲದ ಎಸ್‌ಡಬ್ಲ್ಯುಜಿ. ಅಮೆರಿಕನ್ ಲೆಕ್ಕದ 20 ಗೇಜು 0.81 ಮಿ.ಮೀ., ಎಸ್‌ಡಬ್ಲ್ಯುಜಿ ಲೆಕ್ಕದ 20 ಗೇಜು 0.91 ಮಿ.ಮೀ. ವ್ಯತ್ಯಾಸ ಕೂದಲೆಳೆಯಷ್ಟು. ಆದರೆ ಮುತ್ತಿನ ತೂತಿನಲ್ಲಿ ತಂತಿ ಹೋಗುತ್ತದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಆ ಕೂದಲೆಳೆಯೇ. ಅದಕ್ಕೇ ನಾನು ಅಂಗಡಿಯಲ್ಲಿ ಮಿಲಿಮೀಟರಿನಲ್ಲೇ ಕೇಳುತ್ತೇನೆ.

ಕೊಕ್ಕೆಗೆ 0.8 ಮಿ.ಮೀ. ಸರಿಯಾದ ದಪ್ಪ. ಅದಕ್ಕಿಂತ ತೆಳುವಾದರೆ ಭಾರಕ್ಕೆ ಬಾಗುತ್ತದೆ, ಹಾಲೆಯನ್ನು ಕೊಯ್ದ ಹಾಗೆ ಒತ್ತುತ್ತದೆ. ದಪ್ಪವಾದರೆ ತೆಳು ಕೊಕ್ಕೆಗೆ ಒಗ್ಗಿದ ತೂತಿನಲ್ಲಿ ನೋವು ಕೊಡುತ್ತದೆ. ತಿರುಪಿನ ಓಲೆ ಹಾಕಿ ಅಭ್ಯಾಸವಿರುವ ಹಿರಿಯರಿಗೆ ತೂತು ಅಗಲವಾಗಿರುವುದರಿಂದ 0.9 ಕೂಡ ನಡೆಯುತ್ತದೆ. ಮಣಿ ಪೋಣಿಸಿ ಕುಣಿಕೆ ಸುತ್ತಲು 0.5 ಮಿ.ಮೀ., ಅಂದರೆ ಅಮೆರಿಕನ್ 24 ಗೇಜು, ನನ್ನ ಕೈಗೆ ಹೊಂದುತ್ತದೆ. ಸಣ್ಣ ಮುತ್ತಿಗೆ 0.4. ಒಂದೇ ಮಣಿಯಲ್ಲಿ ಎರಡು ಮೂರು ಸಲ ಹಾಯಿಸಬೇಕಾದ ಹೂವಿನ ವಿನ್ಯಾಸಗಳಿಗೆ 0.3.

ಕಲಿಯುವವರು ಬೆಳ್ಳಿ ತಂತಿಗೆ ದುಡ್ಡು ಹಾಕಬೇಕಿಲ್ಲ. ವೈಂಡಿಂಗ್ ಅಂಗಡಿಯಲ್ಲಿ ಉಳಿದ ತಾಮ್ರದ ತಂತಿ ತೂಕಕ್ಕೆ ಸಿಗುತ್ತದೆ. ಅದರ ಮೇಲೆ ಎನಾಮಲ್ ಲೇಪ ಇರುವುದರಿಂದ ಅದನ್ನು ಕೊಕ್ಕೆ ಮಾಡುವಂತಿಲ್ಲ, ಒಲೆಯ ಮೇಲೆ ಕಾಯಿಸುವಂತೆಯೂ ಇಲ್ಲ, ಹೊಗೆ ಒಳ್ಳೆಯದಲ್ಲ. ಕೈ ಪಳಗಿಸಿಕೊಳ್ಳಲು ಮಾತ್ರ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ತಂತಿಯ ಸ್ವಭಾವವನ್ನು ನನಗೆ ತಿಳಿಸಿಕೊಟ್ಟವರು ನಮ್ಮ ಬೀದಿಯ ಒಬ್ಬ ಹಿರಿಯ ಅಕ್ಕಸಾಲಿಗರು. ನಾನು ಕುಣಿಕೆಯನ್ನು ಬಿಚ್ಚಿ ತಿದ್ದುವುದನ್ನು ನೋಡಿ ಅವರೆಂದರು, "ನೋಡಿ ತಾಯೀ, ತಂತಿ ಹಠ ಹಿಡಿದಮೇಲೆ ಅದರ ಜೊತೆ ಗುದ್ದಾಡಬಾರದು. ಬೆಂಕಿ ತೋರಿಸಬೇಕು, ಇಲ್ಲಾ ಹೊಸ ತುಂಡು ತಗೋಬೇಕು." ಲೋಹವನ್ನು ಬಗ್ಗಿಸಿದಷ್ಟೂ, ಬಡಿದಷ್ಟೂ ಅದು ಗಡುಸಾಗುತ್ತ ಹೋಗುತ್ತದೆ. ಗಡುಸು ಮಿತಿ ಮೀರಿದಾಗ ಬಾಗಿದ ಜಾಗದಲ್ಲೇ ಮುರಿಯುತ್ತದೆ. ಲೇಪವಿಲ್ಲದ ಬರಿ ತಾಮ್ರವನ್ನು ಮಂಕುಗೆಂಪು ಬಣ್ಣ ಬರುವವರೆಗೆ ಕಾಯಿಸಿ ನೀರಿಗೆ ಅದ್ದಿದರೆ ಮತ್ತೆ ಮೆತ್ತಗಾಗುತ್ತದೆ. ಈ ಗುಣವನ್ನೇ ನಾವು ಬೇಕಾದ ಕಡೆ ಬಳಸಿಕೊಳ್ಳಲೂಬಹುದು. ಕೊಕ್ಕೆ ಬಾಗಿಸಿದಮೇಲೆ ಅದರ ಕಮಾನನ್ನು ನುಣುಪಾದ ಕಬ್ಬಿಣದ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಹಗುರವಾಗಿ ತಟ್ಟಿದರೆ ಗಡುಸಾಗಿ ಆಕಾರ ಬಿಡುವುದಿಲ್ಲ. ನನಗೆ ಅಡಿಗಲ್ಲಾಗಿರುವುದು ಬೋರಲು ಹಾಕಿದ ಹಳೆಯ ಇಸ್ತ್ರಿಪೆಟ್ಟಿಗೆ.

ಕುಣಿಕೆಯಲ್ಲಿದೆ ಬಾಳಿಕೆ

ರಿಪೇರಿಗೆಂದು ನನ್ನ ಹತ್ತಿರ ಬರುವ ಅಂಗಡಿಯ ಲೋಲಾಕುಗಳಲ್ಲಿ ಮಣಿ ಒಡೆದಿರುವುದು ಅಪರೂಪ. ಕುಣಿಕೆ ಬಾಯಿಬಿಟ್ಟು ಮಣಿ ಬಿದ್ದುಹೋಗಿರುವುದೇ ಹೆಚ್ಚು. ಹೀಗಾಗಿ ಈ ಕೆಲಸದಲ್ಲಿ ಕಲಿಯಲೇಬೇಕಾದ ಒಂದು ವಿದ್ಯೆ ಯಾವುದು ಎಂದು ಕೇಳಿದರೆ ಸುತ್ತುಕುಣಿಕೆ ಎನ್ನುತ್ತೇನೆ.

ಅದಕ್ಕೆ ಬೇಕಾದ ಉಪಕರಣ ಮೂರೇ. ಮೂತಿ ದುಂಡಗಿರುವ ರೌಂಡ್ ನೋಸ್ ಪ್ಲೈಯರ್, ಒಳಗೆ ಹಲ್ಲಿಲ್ಲದ ಚಪ್ಪಟೆ ಮೂತಿಯದು, ಒಂದು ಕಟರ್. ಹಾರ್ಡ್‌ವೇರ್ ಅಂಗಡಿಯ ಸಾಮಾನ್ಯ ಇಕ್ಕಳದ ಹಲ್ಲು ತಂತಿಯ ಮೇಲೆ ಗೀರು ಮೂಡಿಸುತ್ತದೆ. ಅದೇ ಇರುವುದಾದರೆ ಮೂತಿಗೆ ಟೇಪು ಸುತ್ತಿಕೊಳ್ಳಿ. ಕಟರಿನ ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಓರೆ ಇರುತ್ತದೆ. ಚಪ್ಪಟೆ ಮಗ್ಗುಲು ಯಾವಾಗಲೂ ಒಡವೆಯ ಕಡೆ ಇರಬೇಕು. ಕತ್ತರಿಸುವಾಗ ತುಂಡಾಗುವ ತುದಿಯ ಮೇಲೆ ಬೆರಳಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಚೂರು ಕಣ್ಣಿಗೇ ಸಿಡಿದೀತು. ಕೆಲಸ ಮುಗಿದಮೇಲೆ ಚಾಪೆಯನ್ನು ಕೊಡವದೆ ಮಡಚಿ ಹೊರಗೆ ಒಯ್ಯುತ್ತೇನೆ. ತಂತಿಯ ಚೂರು ನೆಲದಲ್ಲಿ ಕಾಣುವುದಿಲ್ಲ, ಅಂಬೆಗಾಲಿಡುವ ಮಗುವಿನ ಅಂಗೈಗೆ ಸಿಗುತ್ತದೆ.

ಇನ್ನು ಕುಣಿಕೆ. ತಂತಿಗೆ ಮಣಿ ಪೋಣಿಸಿ, ಮೇಲೆ ಮೂರು ನಾಲ್ಕು ಸೆಂಟಿಮೀಟರ್ ಉಳಿಸಿಕೊಳ್ಳಿ. ಮಣಿಯ ನೆತ್ತಿಗೆ ತಾಗುವ ಹಾಗೆ ಚಪ್ಪಟೆ ಇಕ್ಕಳದಿಂದ ಹಿಡಿದು, ಇಕ್ಕಳದ ಮೇಲಿನಿಂದ ತಂತಿಯನ್ನು ಬೆರಳಲ್ಲಿ ಮಟ್ಟಸವಾಗಿ ಅಡ್ಡಕ್ಕೆ ಬಗ್ಗಿಸಿ. ಇಕ್ಕಳ ತೆಗೆದರೆ ಮಣಿಗೂ ಬಾಗಿದ ಜಾಗಕ್ಕೂ ನಡುವೆ ಸುಮಾರು ಎರಡು ಮಿ.ಮೀ. ಕತ್ತು ಉಳಿದಿರುತ್ತದೆ. ಸುತ್ತು ಬರುವುದು ಆ ಕತ್ತಿನ ಮೇಲೆ. ಈಗ ಬಾಗಿದ ಮೂಲೆಯನ್ನು ದುಂಡು ಮೂತಿಯಲ್ಲಿ ಹಿಡಿದು, ತಂತಿಯನ್ನು ಮೇಲಿನ ದವಡೆಯ ಮೇಲೆ ಹಾಯಿಸಿ ಕೆಳಕ್ಕೆ ಎಳೆಯಿರಿ. ಇಕ್ಕಳವನ್ನು ತೆಗೆದು, ಕೆಳಗಿನ ದವಡೆ ಕುಣಿಕೆಯೊಳಗೆ ಬರುವಂತೆ ಮತ್ತೆ ತೂರಿಸಿ, ಉಳಿದ ಅರ್ಧ ಸುತ್ತು ಪೂರೈಸಿ. ತಂತಿ ಕತ್ತನ್ನು ಅಡ್ಡ ಹಾಯುವಲ್ಲಿಗೆ ಬಂದು ನಿಲ್ಲುತ್ತದೆ. ಕೊಕ್ಕೆಗೋ ಸರಪಳಿಗೋ ಸೇರಿಸುವುದಿದ್ದರೆ ಸೇರಿಸಬೇಕಾದ್ದು ಈಗಲೇ, ಸುತ್ತಿದಮೇಲೆ ಆಗುವುದಿಲ್ಲ. ಕುಣಿಕೆಯನ್ನು ಚಪ್ಪಟೆ ಇಕ್ಕಳದಲ್ಲಿ ಅಡ್ಡಲಾಗಿ ಹಿಡಿದು, ಬಾಲವನ್ನು ಕತ್ತಿನ ಸುತ್ತ ಎರಡು ಮೂರು ಸುತ್ತು ಒತ್ತೊತ್ತಾಗಿ ಮಣಿ ಮುಟ್ಟುವವರೆಗೆ ಸುತ್ತಿ. ಬಾಲ ಕತ್ತರಿಸಿ, ಉಳಿದ ಮುಳ್ಳನ್ನು ಇಕ್ಕಳದ ತುದಿಯಿಂದ ಒಳಕ್ಕೆ ಒತ್ತಿ. ಮೇಲೆ ಬೆರಳಾಡಿಸಿ ನೋಡಿ. ಬೆರಳಿಗೆ ತರಚಿದರೆ ಸೀರೆಯ ನೂಲಿಗೂ ತರಚುತ್ತದೆ.

ಹಗುರವಾದ ಒಂಟಿ ಮಣಿಗೆ ಸುತ್ತಿಲ್ಲದ ಸಾದಾ ಕುಣಿಕೆ ಸಾಕು. ಅದಕ್ಕೆ ಮಣಿಯ ಮೇಲೆ ಒಂದು ಸೆಂಟಿಮೀಟರಿನಷ್ಟು ತಂತಿ ಬಿಟ್ಟರಾಯಿತು, ಆದರೆ ತಂತಿ 0.6 ಮಿ.ಮೀ.ಗಿಂತ ತೆಳುವಾಗಿರಬಾರದು. ಅಂಥ ಕುಣಿಕೆಯನ್ನಾಗಲಿ, ಭಾಗಗಳನ್ನು ಜೋಡಿಸುವ ಜಂಪ್ ರಿಂಗನ್ನಾಗಲಿ ಬಿಚ್ಚುವಾಗ ಎರಡು ತುದಿಗಳನ್ನು ಬಾಗಿಲು ತೆರೆದ ಹಾಗೆ ಪಕ್ಕಕ್ಕೆ ಸರಿಸಬೇಕು. ಅಗಲಿಸಿ ಎಳೆದರೆ ದುಂಡಗಿನ ಆಕಾರ ಹೋಗುತ್ತದೆ, ಮತ್ತೆ ಬಾಯಿ ಕೂಡುವುದಿಲ್ಲ.

ಕೊಕ್ಕೆ ಬಾಗಿಸಲು ಮಾರ್ಕರ್ ಪೆನ್ನು ಸಾಕು. ನಾಲ್ಕೂವರೆ ಸೆಂಟಿಮೀಟರ್ ತಂತಿಯ ಒಂದು ತುದಿಗೆ ಸಣ್ಣ ಕುಣಿಕೆ ಮಾಡಿ, ಪೆನ್ನಿನ ಮೇಲೆ ಬಾಗಿಸಿದರೆ ಕಮಾನು ಬರುತ್ತದೆ. ಕಿವಿಯೊಳಗೆ ಹೋಗುವ ತುದಿಯನ್ನು ಸಣ್ಣ ಅರದಿಂದ ಉಜ್ಜಿ, ನಯವಾದ ಎಮರಿ ಪೇಪರಿನಿಂದ ದುಂಡಗೆ ಮಾಡಬೇಕು. ಕತ್ತರಿಸಿದ ತುದಿ ಕಣ್ಣಿಗೆ ನುಣುಪಾಗಿ ಕಂಡರೂ ಚರ್ಮಕ್ಕೆ ಚಾಕುವೇ. ನಾನು ಅದನ್ನು ತುಟಿಗೆ ತಾಗಿಸಿ ನೋಡುತ್ತೇನೆ. ಬೆರಳಿಗೆ ಗೊತ್ತಾಗದ ಒರಟು ತುಟಿಗೆ ಗೊತ್ತಾಗುತ್ತದೆ.

ಜೋಡಿ ಮಾಡುವಾಗ ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋಗುವ ಪದ್ಧತಿ ನನ್ನದಲ್ಲ. ಎರಡು ತಂತಿಯನ್ನೂ ಒಟ್ಟಿಗೆ ಕತ್ತರಿಸಿ, ಪ್ರತಿ ಹಂತವನ್ನೂ ಎರಡಕ್ಕೂ ಬೆನ್ನುಬೆನ್ನಿಗೆ ಮಾಡುತ್ತೇನೆ. ದುಂಡು ಮೂತಿಯ ಇಕ್ಕಳ ಬುಡದಲ್ಲಿ ದಪ್ಪ, ತುದಿಯಲ್ಲಿ ಸಪೂರ. ಯಾವ ಜಾಗದಲ್ಲಿ ಹಿಡಿದೆವೋ ಅದರ ಮೇಲೆ ಕುಣಿಕೆಯ ಗಾತ್ರ. ಆ ಜಾಗಕ್ಕೆ ಮಾರ್ಕರಿನಿಂದ ಗೆರೆ ಎಳೆದುಕೊಂಡರೆ ನಾಲ್ಕೂ ಕುಣಿಕೆ ಒಂದೇ ಅಳತೆಗೆ ಬರುತ್ತವೆ. ಸುರುಳಿಯ ವಿನ್ಯಾಸವಾದರೆ ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ತಿರುಗಬೇಕು. ಮುಖದ ಎರಡು ಬದಿಗೆ ಹಾಕಿದಾಗಲೇ ಆ ಚೆಂದ ಗೊತ್ತಾಗುವುದು.

ಮಣಿಯ ಸರದಿ

ಇಷ್ಟಾದಮೇಲೆ ಮಣಿ. ಬೆಂಗಳೂರಿನ ಚಿಕ್ಕಪೇಟೆಯ ರಾಜಾ ಮಾರ್ಕೆಟ್ಟಿಗೆ ಹೋದರೆ ಮಣಿ, ಹುಕ್ಕು, ಟೋಪಿ, ಸರಪಳಿ ಎಲ್ಲ ಒಂದೇ ಕಡೆ ನೋಡಬಹುದು. ಸಣ್ಣ ಗಾಜಿನ ಮಣಿಗಳಿಗೂ ತಂತಿಯ ಹಾಗೆ ಅಂಕಿ ಏರಿದಷ್ಟು ಗಾತ್ರ ಇಳಿಯುವ ಲೆಕ್ಕ. 11/0 ಎಂದರೆ ಸುಮಾರು 2 ಮಿ.ಮೀ., 8/0 ಸುಮಾರು 3, 6/0 ಸುಮಾರು 4. ಜಪಾನಿನ ಮಣಿಗಳು ಒಂದರಂತೆ ಒಂದು ಇರುತ್ತವೆ, ಲೆಕ್ಕದ ವಿನ್ಯಾಸಕ್ಕೆ ಅವು ಬೇಕು. ಜೆಕ್ ದೇಶದ ಯಾಬ್ಲೊನೆಟ್ಸ್ ಊರಿನ ಮಣಿಗಳಿಗೂ ಹೆಸರಿದೆ. ನಮ್ಮ ದೇಶದ ಮಣಿಗಳಲ್ಲಿ ಸಣ್ಣ ದೊಡ್ಡ ಬೆರೆತಿರುತ್ತವೆ, ಆರಿಸಿಕೊಂಡು ಬಳಸಬೇಕು. ಆರಿಸುವ ಶ್ರಮ ಇದ್ದರೂ ನನಗೆ ಅವುಗಳ ಮೇಲೆ ಪ್ರೀತಿ ಹೆಚ್ಚು. ಕುಲುಮೆಯಲ್ಲಿ ಕರಗಿದ ಗಾಜನ್ನು ಉದ್ದನೆಯ ಕೊಳವೆಯಾಗಿ ಎಳೆದು, ಚೂರು ಚೂರಾಗಿ ಕತ್ತರಿಸಿ ಮಣಿ ಮಾಡುವ ವಿದ್ಯೆ ದಕ್ಷಿಣ ಭಾರತದಲ್ಲಿ ಎರಡು ಸಾವಿರ ವರ್ಷಕ್ಕೂ ಹಳೆಯದು. ಪುದುಚೇರಿ ಬಳಿಯ ಅರಿಕಮೇಡು ಅದಕ್ಕೆ ಹೆಸರಾದ ನೆಲೆ. ಆಂಧ್ರದ ಪಾಪಾನಾಯುಡುಪೇಟೆಯಲ್ಲಿ ಆ ಕೈಕೆಲಸ ನಮ್ಮ ಕಾಲದವರೆಗೂ ಉಳಿದು ಬಂದಿದೆ. ಇಂಥ ಮಣಿಯ ತೂತಿನ ಅಂಚು ಕೆಲವೊಮ್ಮೆ ಚೂಪಾಗಿದ್ದು ದಾರವನ್ನು ಕತ್ತರಿಸುತ್ತದೆ. ತಂತಿಗೆ ಆ ಭಯವಿಲ್ಲ.

ಇನ್ನೊಂದು ನಮ್ಮದೇ ಮಣಿ ಚನ್ನಪಟ್ಟಣದ್ದು. ಆಲೆ ಮರದ ತುಂಡನ್ನು ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆ ಹೊಳಪು ಪ್ಲಾಸ್ಟಿಕ್ಕಿಗೆ ಬರುವುದಿಲ್ಲ. ಈ ಮಣಿಗಳ ತೂತು ದೊಡ್ಡದಾದ್ದರಿಂದ, ಗುಂಡುಸೂಜಿಯಂಥ ತಲೆಯಿರುವ ಹೆಡ್ ಪಿನ್ನು ಹಾಕಿದರೆ ಅದರ ತಲೆ ಒಳಗೆ ಜಾರುತ್ತದೆ. ಕೆಳಗೊಂದು ಸಣ್ಣ ಗಾಜಿನ ಮಣಿ ಹಾಕಿದರೆ ನಿಲ್ಲುತ್ತದೆ. ಅರಗು ಸ್ಪಿರಿಟ್ಟಿಗೆ ಕರಗುವ ವಸ್ತು, ಆದ್ದರಿಂದ ಸೆಂಟು ಹಾಕಿಕೊಂಡು ಆರಿದಮೇಲೆ ಇವನ್ನು ಧರಿಸಬೇಕು.

ಅಗ್ಗದ ಬಣ್ಣದ ಮಣಿ ತಂದರೆ ಒಂದೆರಡನ್ನು ಒದ್ದೆ ಹತ್ತಿಯಲ್ಲಿ, ಆಮೇಲೆ ನೇಲ್ ಪಾಲಿಶ್ ರಿಮೂವರ್ ಹಚ್ಚಿದ ಹತ್ತಿಯಲ್ಲಿ ಉಜ್ಜಿ ನೋಡಿ. ಒದ್ದೆ ಹತ್ತಿಗೇ ಬಣ್ಣ ಬಿಟ್ಟರೆ ಆ ಪೊಟ್ಟಣ ಬಳಸಬೇಡಿ. ಬೆವರಿನ ಜೊತೆ ಅದು ಕುತ್ತಿಗೆಗೆ ಇಳಿಯುತ್ತದೆ. ರಿಮೂವರಿಗೆ ಮಾತ್ರ ಬಿಡುವಂಥದ್ದು ಮೇಲ್ಲೇಪದ ಮಣಿ, ಅಪರೂಪಕ್ಕೆ ಧರಿಸುವ ಲೋಲಾಕಿಗೆ ಇಟ್ಟುಕೊಳ್ಳಬಹುದು.

ಮಣಿ ಆರಿಸುವಾಗ ಬಣ್ಣದಷ್ಟೇ ತೂಕವನ್ನೂ ನೋಡಬೇಕು. 10 ಮಿ.ಮೀ. ಗಾತ್ರದ ಗಾಜಿನ ಗುಂಡು ಸುಮಾರು 1.3 ಗ್ರಾಂ ತೂಗುತ್ತದೆ. ಅದೇ ಗಾತ್ರದ ಮರದ ಮಣಿ ಅರ್ಧ ಗ್ರಾಂ ಕೂಡ ಇರುವುದಿಲ್ಲ, ಗಟ್ಟಿ ಹಿತ್ತಾಳೆಯ ಗುಂಡು ನಾಲ್ಕು ಗ್ರಾಂ ದಾಟುತ್ತದೆ. ದಿನವಿಡೀ ಹಾಕುವ ಲೋಲಾಕು ಒಂದೊಂದೂ ಐದು ಗ್ರಾಂ ಮೀರಬಾರದು, ಮದುವೆ ಮುಂಜಿಗೆ ಹಾಕುವುದು ಹತ್ತು ಮೀರಬಾರದು ಎಂಬುದು ನಾನು ಇಟ್ಟುಕೊಂಡಿರುವ ಮಿತಿ. ನಮ್ಮಜ್ಜಿಯ ಕಿವಿಯ ತೂತು ಭಾರದ ಓಲೆಗೆ ಜೋತುಬಿದ್ದು ಗೆರೆಯಾಗಿ ಕಡೆಗೊಂದು ದಿನ ಸೀಳಿತು. ಹಿಂದಿನವರು ಭಾರದ ಜುಮುಕಿಗೆ ಮಾಟಿ ಹಾಕಿ ಕೂದಲಿಗೆ ಸಿಕ್ಕಿಸುತ್ತಿದ್ದರು. ಅಲಂಕಾರದ ಜೊತೆಗೆ ತೂಕ ಹಂಚುವ ಉಪಾಯವೂ ಅದರಲ್ಲಿತ್ತು. ದೊಡ್ಡ ಲೋಲಾಕು ಮಾಡಿಕೊಡಿ ಎಂದು ಕೇಳುವವರಿಗೆ ನಾನು ಮಣಿ ಸರದ ಮಾಟಿಯನ್ನೂ ಸೇರಿಸಿಯೇ ಮಾಡುತ್ತೇನೆ.

ಕೊಟ್ಟಮೇಲಿನ ಮಾತು

ತಾಮ್ರ ಕಪ್ಪಾಗುವುದು ಸಹಜ. ಹುಣಸೆಹಣ್ಣಿನಲ್ಲಿ ಉಜ್ಜಿದರೆ ಚೊಂಬಿನ ಹಾಗೆಯೇ ಲೋಲಾಕೂ ಹೊಳೆಯುತ್ತದೆ. ಆದರೆ ಮುತ್ತು, ಹವಳ ಇರುವ ಲೋಲಾಕಿಗೆ ಹುಣಸೆ, ನಿಂಬೆ ಮುಟ್ಟಿಸಬಾರದು. ಮುತ್ತು, ಹವಳ ಎರಡೂ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟು, ಹುಳಿ ತಾಗಿದರೆ ಮೇಲ್ಮೈ ಸವೆದು ಕಳೆಗುಂದುತ್ತವೆ. ಅಂಥವನ್ನು ಮೆತ್ತನೆಯ ಒಣಬಟ್ಟೆಯಲ್ಲಿ ಒರೆಸಿದರೆ ಸಾಕು.

ಮಾರುವವರಾದರೆ ಬೆಲೆ ಕಟ್ಟುವಾಗ ಸಾಮಾನಿನ ಖರ್ಚಿನ ಜೊತೆ ಕೂತ ಹೊತ್ತಿಗೂ ಕೂಲಿ ಸೇರಿಸಿ. "ಮನೇಲಿ ಮಾಡಿದ್ದು ತಾನೇ, ಕಮ್ಮಿ ಮಾಡ್ಕೊಡಿ" ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಅವರಿಗೆ ಸುತ್ತುಕುಣಿಕೆಯನ್ನು ತೋರಿಸಿ, ಅದು ಯಾಕೆ ಬಾಯಿಬಿಡುವುದಿಲ್ಲ ಎಂದು ಹೇಳಿ. ಅರ್ಥ ಮಾಡಿಕೊಂಡವರು ಕೊಟ್ಟು ಒಯ್ಯುತ್ತಾರೆ. ಪ್ರತಿ ಜೋಡಿಯ ಜೊತೆ ಕೊಕ್ಕೆ ಯಾವ ಲೋಹದ್ದು ಎಂದು ಒಂದು ಚೀಟಿಯಲ್ಲಿ ಬರೆದು ಕೊಡಿ. ತೊಡುವವರ ಕಿವಿಯ ಹೊಣೆ ಮಾಡಿದವರದು.

ಕಲಿಯಬೇಕೆನ್ನುವವರಿಗೆ ನಾನು ಹೇಳುವುದು ಇಷ್ಟು. ನೂರು ಬಣ್ಣದ ಮಣಿ ಕೊಳ್ಳುವ ಮೊದಲು ಒಂದು ಒಳ್ಳೆಯ ದುಂಡು ಮೂತಿಯ ಇಕ್ಕಳ ಕೊಳ್ಳಿ. ಸುತ್ತುಕುಣಿಕೆ ಕೈಗೆ ಹತ್ತುವವರೆಗೆ ತಾಮ್ರದಲ್ಲಿ ಮಾಡಿ. ಮಾಡಿದ ಮೊದಲ ಜೋಡಿಯನ್ನು ಬೆಳಗಿನಿಂದ ರಾತ್ರಿಯವರೆಗೆ ನೀವೇ ಹಾಕಿಕೊಂಡು ಮನೆಗೆಲಸ ಮಾಡಿ, ಬಸ್ಸು ಹತ್ತಿ, ತಲೆ ಬಾಚಿಕೊಳ್ಳಿ. ನಿಮ್ಮ ಕಿವಿ ಒಪ್ಪಿದಮೇಲೆ ಇನ್ನೊಬ್ಬರ ಕಿವಿಗೆ ಕೊಡಿ.